ಏರಿನಲ್ಲಿ ನಿಂತ ಬಸ್ಸು, ಮಾವನ ದೇಶ

ನನ್ನ ಸೋದರಮಾವನಷ್ಟು ಅರ್ಥಶಾಸ್ತ್ರ ತಿಳಿದವರು ದಿಲ್ಲಿಯಲ್ಲೂ ಇರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಬಸ್ಸಿನ ಬೆನ್ನು ನೋಡಿ ದೇಶದ ಸ್ಥಿತಿ ಹೇಳಬಲ್ಲವರು ಅವರೊಬ್ಬರೇ! ಅವರ ದೇಶವೇನೂ ದೊಡ್ಡದಲ್ಲ. ದಕ್ಷಿಣಕ್ಕೆ ಭಟ್ಕಳ, ಉತ್ತರಕ್ಕೆ ಕುಮಟೆ, ನಡುವೆ ರಾಜಧಾನಿಯ ಹಾಗೆ ನಮ್ಮ ಮನೆ. ಅದರಾಚೆಗಿನದೆಲ್ಲ ಪರದೇಶ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಬೆನ್ನಿಗೊಂದು ಡ್ರಮ್ಮು ಕಟ್ಟಿಕೊಂಡು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂದದ್ದು ಬರೀ ಗೌರವಕ್ಕೆ. ಭಟ್ಕಳದಿಂದ ಹೊನ್ನಾವರಕ್ಕೆ ಹೋಗುವ ಬಸ್ಸು ನಮ್ಮ ಮನೆಯೆದುರಿನ ಏರಿಗೆ ಬಂದೊಡನೆ ಹರತಾಳ ಹೂಡುತ್ತಿತ್ತು. ಆಗ ಕಟ್ಟೆಯ ಮೇಲೆ ಕೂತ ಊರ ತರುಣರು ಎದ್ದುಬಂದು ದೂಡಬೇಕು. ಮಾವ ಜಗಲಿಯಲ್ಲಿ ಎಲೆಯಡಿಕೆಯ ಕವಳ ಜಗಿಯುತ್ತ ನೋಡುವರು. ದೂಡುವವರು ಹೆಚ್ಚಾಗಿ ಬಸ್ಸು ಸಲೀಸಾಗಿ ಏರು ಹತ್ತಿತೋ, ಅವರ ಮುಖ ಕಪ್ಪಿಡುತ್ತಿತ್ತು. ಹಾಡುಹಗಲಲ್ಲಿ ಇಷ್ಟು ಜನ ಗಟ್ಟಿಮುಟ್ಟಾದ ಹುಡುಗರು ಕೆಲಸವಿಲ್ಲದೆ ಇದ್ದಾರೆಂದರೆ ದೇಶ ಮುಳುಗಿತೆಂದೇ ಅರ್ಥವಂತೆ! ದೂಡುವವರು ಸಾಲದೆ ಬಸ್ಸು ಅಲ್ಲೇ ನಿಂತು ಡ್ರೈವರ ಬೆವರು ಸುರಿಸಿದ ದಿನ ಮಾತ್ರ ಪರಮಾನಂದ. ಅವನಿಗೆ ಒಳಗಿನಿಂದ ಮಜ್ಜಿಗೆ ತರಿಸಿಕೊಟ್ಟು ಅಭಿನಂದಿಸುತ್ತಿದ್ದರು. ಯಾತಕ್ಕೆ ಈ ಅಭಿನಂದನೆಯೆಂದು ಆ ಬಡಪಾಯಿಗೆ ಕೊನೆತನಕ ತಿಳಿಯಲಿಲ್ಲ.

ದೂಡುವವರ ಮುಂದಾಳು ಯಾರೆಂದಿರಿ? ನಾನೇ! ಡ್ರಮ್ಮಿನ ಪಕ್ಕದ ಜಾಗಕ್ಕೆ ಬಿಸಿ ಹೆಚ್ಚು. ಅದು ಎಲ್ಲರಿಗಿಂತ ಹಿರಿಯ ನಿರುದ್ಯೋಗಿಗೆ ಮೀಸಲು. ಅಪ್ಪ ತೀರಿಕೊಂಡ ಮೇಲೆ ಮಾವನ ಮನೆಯಲ್ಲೇ ಬೆಳೆದವನು ನಾನು. ಮ್ಯಾಟ್ರಿಕ್ ಪಾಸಾಗಿ, ಕೆಲಸ ಹುಡುಕಿ ಚಪ್ಪಲಿ ಸವೆಸಿ, ಕಡೆಗೆ ಅವರ ಅನ್ನವನ್ನೇ ಉಣ್ಣುತ್ತಿದ್ದೆ. ಅತ್ತೆ ಆಗಾಗ ಗೊಣಗುವಳು. ಮಾವನದು ಒಂದೇ ಉತ್ತರ: "ಅವಂಗೆ ಎಂತಕ್ಕೆ ಬೈತೆ? ದೇಶವೇ ಸರಿ ಇಲ್ಲೆ." ನನ್ನನ್ನು ಅವರು ಒಂದು ದಿನವೂ ಬೈಯಲಿಲ್ಲ. ನನ್ನ ಪಾಲಿನ ಬೈಗುಳವನ್ನೆಲ್ಲ ದೇಶವೇ ತಿಂದಿತು.

ಬಸ್ಸಿಲ್ಲದಲ್ಲಿ ದೇಶವನ್ನು ಅಳೆಯುವುದು ಹೇಗೆ? ಮದುವೆಯ ಪಂಕ್ತಿಯಿದೆಯಲ್ಲ! ಕಾಯ್ಕಿಣಿಯಲ್ಲೊಂದು ಮದುವೆ. ಬಡಿಸಲು ಉಣ್ಣುವವರಿಗಿಂತ ಹೆಚ್ಚು ತರುಣರು. ಉಪ್ಪಿಗೊಬ್ಬ, ಉಪ್ಪಿನಕಾಯಿಗೊಬ್ಬ, ಪಾಯಸದ ಹಿಂದಂತೂ ಮೆರವಣಿಗೆ. ಉಪ್ಪಿನ ಬಟ್ಟಲು ನನ್ನ ಕೈಯಲ್ಲಿತ್ತು. ಮಾವ ನನ್ನನ್ನು ನೋಡಿದರು, ಉಪ್ಪನ್ನು ನೋಡಿದರು, ಈ ಊರಿಗೆ ಉಳಿಗಾಲವಿಲ್ಲವೆಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿಬಿಟ್ಟರು. ಹೆಣ್ಣಿನ ತಂದೆ ಹೌಹಾರಿದ. ಶುಭಕಾರ್ಯದಲ್ಲಿ ಇಂಥ ಮಾತೇ? ಮಾರನೆಯ ದಿನ ಮಾವನನ್ನು ಇಡಗುಂಜಿಯ ದೇವಸ್ಥಾನಕ್ಕೆ ಕರೆದೊಯ್ದು ತಪ್ಪುಕಾಣಿಕೆ ಹಾಕಿಸಿದ. ಮಾವ ಅಲ್ಲಾದರೂ ಸುಮ್ಮನಿದ್ದರೇ? ನಮ್ಮ ಏರಿನಲ್ಲಿ ಬಸ್ಸು ಸಂಜೆಯತನಕ ನಿಲ್ಲಲಿ ಎಂದು ಗಣಪತಿಯಲ್ಲಿ ಬೇಡಿಕೊಂಡು ಬಂದರು. ವಿಘ್ನ ನಿವಾರಿಸುವ ದೇವರಿಗೆ ಇಂಥ ಬೇಡಿಕೆ!

ಕೊನೆಗೂ ನನಗೆ ಕುಮಟೆಯ ರೇಶನ್ ಕಚೇರಿಯಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಊರಲ್ಲಿ ಅಕ್ಕಿ ಇಲ್ಲದ್ದರಿಂದ ನನಗೆ ಅನ್ನದ ದಾರಿಯಾಯಿತು. ಹೊರಡುವ ದಿನ ಟ್ರಂಕು ಹಿಡಿದು ಏರಿನ ಬುಡದಲ್ಲಿ ಬಸ್ಸು ಹತ್ತಿದೆ. ಅದು ಎಂದಿನಂತೆ ಅರ್ಧಕ್ಕೆ ನಿಂತಿತು. ಗೆಳೆಯರೆಲ್ಲ ಓಡಿಬಂದರು, ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ. ಹಳೆಯ ರೂಢಿಯಲ್ಲಿ ನಾನೂ ಇಳಿಯಹೋದೆ. ಟಿಕೇಟು ತೆಗೆದವರು ಕೂರಬೇಕೆಂದು ಕಂಡಕ್ಟರ ತಡೆದ. ಕಿಟಕಿಯಿಂದ ಬಗ್ಗಿ ನೋಡಿದರೆ ಡ್ರಮ್ಮಿನ ಪಕ್ಕದ ನನ್ನ ಜಾಗದಲ್ಲಿ ಮಾವ! ಜೀವಮಾನದಲ್ಲಿ ಬಸ್ಸಿಗೆ ಕೈ ಹಚ್ಚದವರು ಪಂಚೆ ಎತ್ತಿಕಟ್ಟಿ, ಮಸಿ ಮೆತ್ತಿದ ಮುಖದಲ್ಲಿ ಏದುಸಿರು ಬಿಡುತ್ತ ದೂಡುತ್ತಿದ್ದರು. ಬಸ್ಸು ಕ್ಷಣದಲ್ಲಿ ಹೊರಟಿತು. ಅವರ ಲೆಕ್ಕದಂತೆ ದೇಶ ಆವತ್ತು ಪೂರ್ತಿ ಮುಳುಗಬೇಕಿತ್ತು.

"ಹೋಗು ತಮಾ, ದೇಶ ಉದ್ಧಾರ ಆತು" ಎಂದರು.

ಇಷ್ಟು ವರ್ಷ ಆ ಗುಂಪಿನಲ್ಲಿ ಅವರು ನೋಡುತ್ತಿದ್ದುದು ನನ್ನೊಬ್ಬನನ್ನೇ ಎಂದು ಆಗ ಹೊಳೆಯಿತು. ತಿರುವಿನಲ್ಲಿ ಮತ್ತೊಮ್ಮೆ ಹಿಂದೆ ನೋಡಿದೆ. ಗೆಳೆಯರು ಕಟ್ಟೆಯ ಕಡೆ ಹೊರಟಿದ್ದರು. ಮಾವ ಮಾತ್ರ ನಡುರಸ್ತೆಯಲ್ಲಿ, ದೂಡಿದ ಎರಡೂ ಕೈಗಳನ್ನು ಹಾಗೇ ಮುಂದೆ ಚಾಚಿಕೊಂಡು ನಿಂತಿದ್ದರು.