ಲೇಸರಿಗೂ ಮೇಸ್ತ್ರಿಗೂ ಮೂರಿಂಚು

ಅರಸೀಕೆರೆಯಿಂದ ಜಾವಗಲ್‌ಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಉದ್ದನೆಯ ಶೆಡ್ ಇದೆ. ಬೆಳಕು ಬಿಟ್ಟು, ಅದು ತಿರುಗಿ ಬರುವ ಹೊತ್ತಿನಿಂದ ದೂರ ಹೇಳುವ ಲೇಸರ್ ರಾಡಾರ್‌ಗಳನ್ನು ಅಲ್ಲಿ ಪರೀಕ್ಷೆ ಮಾಡುತ್ತೇವೆ. ಮಿಲಿಮೀಟರ್ ತಪ್ಪಿದರೂ ನಡೆಯದ ಜಾಗ, ಆದರೆ ದಿನಾ ಏನಾದರೊಂದು ತಪ್ಪುತ್ತದೆ. ಕಳೆದ ವರ್ಷವಂತೂ ಮಾಲೀಕರು, ನಮ್ಮ ಅಳತೆ ಸರಿ ಎಂಬ ಮಾನ್ಯತೆ ಸಿಗದಿದ್ದರೆ ಶೆಡ್ಡಿಗೆ ಬೀಗ ಎಂದುಬಿಟ್ಟಿದ್ದರು. ಆಗಿನ ಪ್ರಸಂಗಗಳಿವು. ನನಗೆ ಆಗ ನಗು ಬಂದಿರಲಿಲ್ಲ.

ಕಪ್ಪು ಗೋಡೆ

ಬೆಳಕು ಚೆದುರಬಾರದೆಂದು ಗೋಡೆ, ಸೂರು, ನೆಲ ಎಲ್ಲಕ್ಕೂ ಕಪ್ಪು ಬಳಿಸಿದೆವು. ಕಸ ಗುಡಿಸಲು ಬರುವ ಅಮ್ಮ ಬಾಗಿಲಲ್ಲೇ ನಿಂತರು.

“ಎಲ್ಲಾ ಕಪ್ಪು ಯಾಕ್ ಸಾ?”

“ಬೆಳಕು ಎದುರಿನ ಹಲಗೆಯಿಂದ ಮಾತ್ರ ವಾಪಸ್ ಬರಬೇಕಮ್ಮಾ. ಮಿಕ್ಕಿದ್ದು ಮಿಷನ್ನಿಗೆ ಕಾಣಬಾರದು.”

ಆಕೆ ಯೋಚಿಸಿದರು. “ಹಂಗಾದ್ರೆ ಹಲಗೆ ಒಂದನ್ನೇ ಒರೆಸ್ತೀನಿ ಬುಡಿ.”

ಆ ವಾರವೆಲ್ಲ ನೆಲ ಗುಡಿಸಿದ್ದು ನಾನು.

ಆಯುಧಪೂಜೆ

ಹಬ್ಬಕ್ಕೆ ನಾನು ರಜೆ ಹಾಕಿದ್ದೆ. ಮರುದಿನ ಚಾಲೂ ಮಾಡಿದರೆ, ಯಂತ್ರ ಆಚೆ ತುದಿಯ ಗೋಡೆ ಮೂಗಿನ ಮುಂದೆಯೇ ಇದೆ ಎಂದಿತು. ಬಗ್ಗಿ ನೋಡಿದೆ. ಕಾವಲುಗಾರ ಲೆನ್ಸಿಗೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟಿದ್ದ.

“ಗಾಜಿಗೇ ಯಾಕಯ್ಯಾ ಹಚ್ಚಿದೆ?”

“ಅದೇ ಅಲ್ವಾ ಸಾ ಮುಖ? ಬೆನ್ನಿಗೆ ಯಾರಾದ್ರೂ ಕುಂಕುಮ ಇಡ್ತಾರಾ?”

ಯಂತ್ರಕ್ಕೆ ಚಕ್ರ ಇಲ್ಲವೆಂದು ನಿಂಬೆಹಣ್ಣುಗಳನ್ನು ನನ್ನ ಕುರ್ಚಿಯ ಚಕ್ರಗಳಡಿ ಇಟ್ಟಿದ್ದ. ಅದು ಕೂತಾಗ ಗೊತ್ತಾಯಿತು.

ಮೂರಿಂಚು

ಮಾನ್ಯತೆ ಕೊಡುವ ಅಧಿಕಾರಿ ಬಂದರು. ನಕ್ಷೆಯ ಪ್ರಕಾರ ಗೋಡೆಯಿಂದ ಗೋಡೆಗೆ ನಲವತ್ತು ಮೀಟರ್. ಯಂತ್ರ ಮೂರಿಂಚು ಜಾಸ್ತಿ ತೋರಿಸಿತು. ಮತ್ತೆ ಅಳೆದೆ, ಮತ್ತೆ ಮೂರಿಂಚು. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. ಕೆಲಸ ಹೋಯಿತೆಂದುಕೊಂಡೆ. ಶೆಡ್ ಕಟ್ಟಿದ ಹಳೇಬೀಡಿನ ಮೇಸ್ತ್ರಿಯನ್ನು ಕರೆಸಿದೆ.

“ಮಿಷನ್ ಸರಿಯಾಗೇ ಐತೆ ಸಾ,” ಎಂದ. “ಕಟ್ಟೋವಾಗ ವಾಸ್ತು ಆಯ ನೋಡ್ದೆ. ನಲವತ್ತಕ್ಕೆ ಕತ್ತೆ ಆಯ ಬತ್ತಿತ್ತು, ಏಳಿಗೆ ಇಲ್ಲ. ಮೂರಿಂಚು ಎಳ್ದೆ, ಗಜಾಯ ಬಂತು.”

“ನನಗೆ ಹೇಳಬಾರದಿತ್ತಾ?”

“ಒಳ್ಳೇದು ಮಾಡಕ್ಕೆ ಯಾರಾದ್ರೂ ಕೇಳ್ತಾರಾ ಸಾ?”

ಅಧಿಕಾರಿ ತಮ್ಮ ಟೇಪು ಹಿಡಿದು ತಾವೇ ಅಳೆದರು. ಮೂರಿಂಚು ಜಾಸ್ತಿಯೇ ಇತ್ತು. ಮಾನ್ಯತೆಗೆ ಸಹಿ ಹಾಕಿದರು. ನನಗೆ ಹೋದ ಜೀವ ಬಂತು.

ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. “ಬೇಲೂರಲ್ಲಿ ಮನೆ ಕಟ್ಟಿಸ್ತಿದೀನಿ. ಈಗಲೇ ಬಂದು ಅಳೆದು, ಆಯ ನೋಡ್ತೀರಾ?”

“ಸರ್, ನಾನೂ ಈ ಯಂತ್ರ ತಗೊಂಡು ಬರ್ತೀನಿ,” ಎಂದೆ. “ಮಿಲಿಮೀಟರ್ ತಪ್ಪಲ್ಲ.”

“ಬೇಡ ಬಿಡಿ,” ಎಂದರು, ಯಂತ್ರ ನಿಖರವಾಗಿದೆ ಎಂಬ ಪತ್ರ ನನ್ನ ಕೈಗಿಡುತ್ತಾ. “ಸ್ವಂತ ಮನೆ ವಿಷಯ. ರಿಸ್ಕ್ ಯಾಕೆ?”