ಮಡಿ ಡಬ್ಬಿಯೊಳಗಿನ ಮೂವರು

"ಈ ಮನೇಲಿ ನಾಲಿಗೆ ಹಿಡಿತದಲ್ಲಿ ಇಟ್ಕೊಂಡಿರೋಳು ನಾನೊಬ್ಬಳೇ. ನೋಡ್ತಾ ಇರಿ, ನಿಮ್ಮ ಸಕ್ಕರೇನ ಇಳಿಸೇ ಇಳಿಸ್ತೀನಿ" ಎಂದು ವೆಂಕಟಲಕ್ಷ್ಮಮ್ಮ ಗಂಡನ ಮುಂದೆ ಶಪಥ ಮಾಡಿದ್ದು ಗೋಕುಲಾಷ್ಟಮಿಯ ಮಾರನೆಯ ದಿನ.

ಕಾರಣವಿತ್ತು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಸೀತಾರಾಮರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಇಳಿದಿಲ್ಲವೆಂದು ಡಾಕ್ಟರು ಎರಡು ಸಲ ಆಪರೇಶನ್ ಮುಂದೂಡಿದ್ದರು. ಇದು ಮೂರನೆಯ ಸಲ. ಇತ್ತ ಹಬ್ಬದ ರವೆ ಉಂಡೆ ಇಪ್ಪತ್ತೊಂದು ಉಳಿದಿದ್ದವು. ಮುಂದಿನ ವಾರ ಬರಲಿರುವ ಮೊಮ್ಮಗಳ ಗೆಳತಿಯರಿಗೆಂದು ಅವನ್ನು ಡಬ್ಬಿಗೆ ತುಂಬಿ, ದೇವರ ಮನೆಯ ಮೇಲಿನ ಹಲಗೆಯಲ್ಲಿ, ಮಡಿ ಪಾತ್ರೆಗಳ ನಡುವೆ ಇಟ್ಟರು. ವೇಲಚೇರಿಯ ಆ ಫ್ಲ್ಯಾಟಿನಲ್ಲಿ ಅದಕ್ಕಿಂತ ಭದ್ರವಾದ ಜಾಗವಿಲ್ಲ. ಮಡಿಯುಟ್ಟ ಅವರ ಕೈ ಬಿಟ್ಟರೆ ಇನ್ನೊಂದು ಕೈ ಅಲ್ಲಿಗೆ ಹೋಗುವಂತಿಲ್ಲ. ಮದ್ರಾಸಿನ ಸೆಕೆಗೆ ತುಪ್ಪ ಕಮಟು ಹಿಡಿದೀತೆಂಬ ಕಳವಳ ಮಾತ್ರ ಇತ್ತು. ಅದಕ್ಕೇ ದಿನವೂ ಪೂಜೆಯಾದ ಮೇಲೆ ಅವರೇ ಒಂದನ್ನು, ಕೆಲವು ದಿನ ಖಚಿತವಾಗಲೆಂದು ಎರಡನ್ನು, ಬಾಯಿಗೆಸೆದುಕೊಂಡು ಪರೀಕ್ಷಿಸುತ್ತಿದ್ದರು. ಜವಾಬ್ದಾರಿ ಹೊತ್ತ ಮೇಲೆ ಅಷ್ಟು ಕಷ್ಟ ಪಡಲೇಬೇಕು.

ಮೊಮ್ಮಗಳು ಕೃತಿಗೆ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪರೀಕ್ಷೆ. ಗಟ್ಟಿಯಾಗಿ ಓದುವುದು ಅವಳ ಅಭ್ಯಾಸ. ಕೀರೆ ಸೊಪ್ಪು ಬಿಡಿಸುತ್ತ ಕಿವಿಗೊಡುವುದು ಅವಳು 'ಪಾಟಿ' ಎನ್ನುವ ಅಜ್ಜಿಯ ಅಭ್ಯಾಸ. ಓದಿದ್ದು ಮೂರನೇ ಕ್ಲಾಸಾದರೂ ಕಿವಿ ಚುರುಕು.

"ಮನಸ್ಸಲ್ಲಿ ಮೂರು ಪಾರ್ಟ್ ಪಾಟಿ. ಇಡ್ ಅಂದ್ರೆ ಚಿಕ್ಕ ಮಗು ಥರ, ಈಗಲೇ ಬೇಕು, ಈಗಲೇ ಕೊಡು. ಸೂಪರ್ ಈಗೋ ಬರೀ ತಪ್ಪು, ಬೇಡ ಅಂತ ಬೈತಾ ಇರತ್ತೆ. ನಡುವೆ ಸಿಕ್ಕಿ ಇಬ್ಬರನ್ನೂ ಸಮಾಧಾನ ಮಾಡೋದು ಈಗೋ."

"ಇದಕ್ಕೆ ಕಾಲೇಜಿಗೆ ಬೇರೆ ಹೋಗ್ಬೇಕಾ? ನಿಮ್ಮ ತಾತ ಇಡ್ಡು. ನಾನು ಸೂಪರು. ನಡುವೆ ಸಿಕ್ಕಿಕೊಂಡಿರೋಳು ನೀನು."

"ಅಪ್ಪಡಿ ಇಲ್ಲ ಪಾಟಿ, ಹಾಗಲ್ಲ. ಮೂರೂ ಒಬ್ಬರೊಳಗೇ ಇರತ್ತೆ. ಮುಕ್ಕಾಲುವಾಸಿ ನಮಗೇ ಗೊತ್ತಾಗಲ್ಲ."

"ಕೆಳಗಿನ ಸಂಪಿನ ಹಾಗೆ ಅನ್ನು. ಮೋಟರ್ ಹಾಕೋವರೆಗೂ ಒಳಗೇನಿದೆ ಅಂತ ತಿಳಿಯಲ್ಲ."

ಕೃತಿ ಪುಸ್ತಕ ಮುಚ್ಚಿದಳು. "ಇದನ್ನ ಎಕ್ಸಾಮಲ್ಲಿ ಬರೀಲಾ?"

"ಬರಿ. ಆದರೆ ನನ್ನೊಳಗೂ ಮೂರು ಜನ ಇದಾರೆ ಅಂತ ಮಾತ್ರ ಬರೀಬೇಡ. ನಾನು ಒಬ್ಬಳೇ."

ಶನಿವಾರ ಡಬ್ಬಿ ಇಳಿಸಿ ಎಣಿಸಿದರೆ ಉಂಡೆ ಹನ್ನೊಂದೇ. ಪರೀಕ್ಷೆಗೆ ಹೋದವನ್ನು ಅವರು ತಿಂದದ್ದೆಂದು ಎಂದೂ ತಿಳಿದವರಲ್ಲ, ಹಾಗಾಗಿ ನೆನಪಿಗೂ ಬರಲಿಲ್ಲ. ಡಬ್ಬಿ ಹಿಡಿದು ಗಂಡನ ಮುಂದೆ ನಿಂತರು. ನಾಳೆ ಬೆಳಿಗ್ಗೆ ಅವರ ರಕ್ತ ಪರೀಕ್ಷೆ.

"ಮಡಿ ಮುಟ್ಟಿದಿರಲ್ಲರೀ. ಹತ್ತು ಉಂಡೆ!"

"ಲಕ್ಷ್ಮೀ, ಎದುರಿಗೆ ನಿಂತಿರೋ ನಿನ್ನ ಮುಖವೇ ನನಗೆ ಮಸುಕು. ಆ ಎತ್ತರದ ಡಬ್ಬಿ ಎಲ್ಲಿ ಕಾಣತ್ತೆ?"

"ಉಂಡೆ ತಿನ್ನೋಕೆ ಕಣ್ಣು ಯಾಕೆ? ದೇವರಾಣೆ ಹಾಕಿ ಹೇಳಿ."

ಅವರು ಆಣೆ ಹಾಕಿದರು. ಆಮೇಲೆ ಊಟ ಮುಗಿಸಿ ಗೋಡೆ ಕಡೆ ತಿರುಗಿ ಮಲಗಿದರು.

ಬೆಳಿಗ್ಗೆ ರಕ್ತ ತೆಗೆಯುವ ಹುಡುಗಿ ಬಂದಳು. "ಹೇಗೂ ಬಂದಿದ್ದಾಳೆ, ನಿಮ್ಮದೂ ಕೊಡಿ ಪಾಟಿ" ಎಂದಳು ಕೃತಿ. ವೆಂಕಟಲಕ್ಷ್ಮಮ್ಮ ಗಂಡನಿಗೆ ಕೇಳಿಸುವಂತೆ, "ತಗೊಳ್ಳಲಿ. ಕದ್ದು ತಿಂದೋರಿಗೆ ಭಯ" ಎಂದು ಕೈ ಚಾಚಿದರು.

ಸಂಜೆ ರಿಪೋರ್ಟು ಫೋನಿಗೆ ಬಂತು. ಕೃತಿ ಓದಿದಳು. "ತಾತನಿಗೆ ನೂರ ಹದಿನೆಂಟು. ಆಪರೇಶನ್ ಓಕೆ. ಪಾಟಿಗೆ... ಇನ್ನೂರ ನಲವತ್ತು."

"ಹೆಸರು ಅದಲುಬದಲಾಗಿದೆ ಕಣೇ."

"ಹೀಗೆ ಒಪ್ಪದೇ ಇರೋದಕ್ಕೆ ಡಿನಾಯಲ್ ಅಂತಾರೆ ಪಾಟಿ. ನಿಮ್ಮ ತಪ್ಪನ್ನ ತಾತನ ಮೇಲೆ ಹಾಕಿದ್ರಲ್ಲ, ಅದು ಪ್ರೊಜೆಕ್ಷನ್."

"ಕೆಟ್ಟಿದೆಯೋ ಏನೋ ಅಂತ ದಿನಾ ಒಂದು ಬಾಯಿಗೆ ಹಾಕ್ಕೊಂಡು ನೋಡ್ತಿದ್ದೆ, ಅಷ್ಟೇ."

"ಅದಕ್ಕೂ ಒಂದು ಹೆಸರಿದೆ. ನಾಳೆ ಎಕ್ಸಾಮಿಗೆ ನೀವೊಬ್ಬರೇ ಸಾಕು."

ವೆಂಕಟಲಕ್ಷ್ಮಮ್ಮ ಕುರ್ಚಿ ಹಿಡಿದು ಕುಳಿತರು. ದಿನವೂ ಮಡಿಯುಟ್ಟು ಹಲಗೆಗೆ ಕೈ ಚಾಚುವಾಗ ಜೊತೆಗೆ ಇನ್ಯಾರ ಕೈ ಚಾಚುತ್ತಿತ್ತೆಂದು ಯೋಚಿಸಿದರು. ಮೂವರನ್ನೂ ಒಳಗಿಟ್ಟುಕೊಂಡು, ಕಣ್ಣು ಕಾಣದವರಿಂದ ಆಣೆ ಹಾಕಿಸಿದ್ದೆನಲ್ಲ.

"ತಪ್ಪಾಯ್ತು ರೀ" ಎಂದರು ಮೆಲ್ಲಗೆ.

ಸೀತಾರಾಮರು ದನಿ ಬಂದ ಕಡೆ ತಿರುಗಿದರು. "ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ನಿನ್ನ ಮುಖ ನೋಡ್ಬೇಕು ಅಂತಿದ್ದೆ."

"ಈಗ?"

"ಈಗಲೂ ಅದನ್ನೇ ನೋಡೋದು. ತುಟಿ ಮೇಲೆ ರವೆ ಇದೆಯೋ ಇಲ್ವೋ ಅಂತ."