ಮೂರನೆಯ ಚೆಂಡು ಸುರಪುರ

ಮಾನ್ಯ ಓದುಗರ ಅವಗಾಹನೆಗೆ ಈ ಮೂಲಕ ತರಬಯಸುವುದೇನೆಂದರೆ, ನಮ್ಮ ಕಾಕಾ ಯಾದಗಿರಿಯ ಆಸ್ಪತ್ರೆಯಿಂದ ಹೊರಗೆ ಕಾಲಿಡದೆಯೇ ಆರು ದಿನ ಸುರಪುರಕ್ಕೆ ಬಸ್ಸು ಬಿಟ್ಟವರು! ಇದು ನನ್ನ ಮೊದಲ ಬರಹವಾದ್ದರಿಂದ ಎಲ್ಲಿಯಾದರೂ ಉತ್ಪ್ರೇಕ್ಷೆ ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಆದರೆ ಮೇಲ್ಕಂಡ ವಾಕ್ಯದಲ್ಲಿ ಅದು ಇಲ್ಲ.

ಕಾಕಾ ನಿವೃತ್ತ ಕಂಡಕ್ಟರು. ಯಾದಗಿರಿ, ಶಹಾಪುರ, ಸುರಪುರ ಮಾರ್ಗದಲ್ಲಿ ಮೂವತ್ತು ವರ್ಷ ಸೀಟಿ ಊದಿದವರು. ಎಪ್ಪತ್ತರ ವಯಸ್ಸಿನಲ್ಲಿ ಅವರಿಗೆ ಕರುಳಿನ ಶಸ್ತ್ರಚಿಕಿತ್ಸೆಯಾಯಿತು. ಹೊಲಿಗೆಯ ನೋವಿಗೆ ಹೆದರಿ ಉಸಿರನ್ನು ಅರ್ಧಕ್ಕೇ ನಿಲ್ಲಿಸತೊಡಗಿದರು. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಆಗ ನರ್ಸಮ್ಮ ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನವೊಂದನ್ನು ಕೈಗಿತ್ತರು. ಅದರ ಕೊಳವೆಯಿಂದ ಉಸಿರೆಳೆದರೆ ಚೆಂಡುಗಳು ಒಂದೊಂದಾಗಿ ಮೇಲೇರಬೇಕು. ಮೂರೂ ಏರಿ ನಿಲ್ಲುವವರೆಗೆ ಮನೆಗೆ ಕಳುಹಿಸಲಾಗದೆಂದು ಡಾಕ್ಟರು ಸ್ಪಷ್ಟಪಡಿಸಿದರು.

ಕಾಕಾ ಮಾಡಿದ್ದೇನು? ಕೊಳವೆ ಬಾಯಿಗಿಟ್ಟು ಜೋರಾಗಿ ಊದಿದರು! ಒಂದು ಚೆಂಡೂ ಅಲುಗಲಿಲ್ಲ.

"ಊದಬ್ಯಾಡ್ರಿ ಅಜ್ಜಾರ, ಒಳಗ ಎಳೀರಿ!"

"ಮೂವತ್ತು ವರ್ಷ ಊದೀನಿ ತಂಗಿ. ಎಳಿಯೂದು ನಮ್ಮ ಡಿಪೋದಾಗ ಯಾರೂ ಕಲಿಸಿಲ್ಲ!"

ಮರುದಿನ ಕಾಕಾ ತಾವೇ ಮಾರ್ಗ ನಿಗದಿಪಡಿಸಿದರು. ಮೊದಲ ಚೆಂಡು ಯಾದಗಿರಿ, ಎರಡನೆಯದು ಶಹಾಪುರ, ಮೂರನೆಯದು ಸುರಪುರ. ಕೆಮ್ಮುವಾಗ ಹೊಲಿಗೆಗೆ ಆಸರೆಯಾಗಿ ಒತ್ತಿಕೊಳ್ಳಲು ಕೊಟ್ಟ ದಿಂಬು ಟಿಕೆಟ್ ಚೀಲವಾಯಿತು. ಅದನ್ನು ಹೊಟ್ಟೆಗವಚಿಕೊಂಡು ವಾರ್ಡಿನಲ್ಲಿ ನಡೆಯುತ್ತ, "ಮುಂದ ನಡೀರಿ, ಬಾಗಲ್ದಾಗ ನಿಂದರಬ್ಯಾಡ್ರಿ!" ಎಂದು ಎದುರಾದವರಿಗೆಲ್ಲ ಸೂಚನೆ ನೀಡತೊಡಗಿದರು. ತಪಾಸಣೆಗೆ ಬಂದ ಡಾಕ್ಟರೂ ಬಾಗಿಲು ಬಿಟ್ಟು ಸರಿದು ನಿಂತರು!

ಮೊಣಕಾಲು ನೋವಿನಿಂದಾಗಿ ಕಾಕಿ ಸುರಪುರದ ಮನೆಯಲ್ಲೇ ಉಳಿದಿದ್ದರು; ಆಸ್ಪತ್ರೆಯಲ್ಲಿ ಕಾಕಾನ ಜೊತೆಗೆ ನಾನಿದ್ದೆ. ಇಲ್ಲಿ ಒಂದು ಹಳೆಯ ಪದ್ಧತಿಯನ್ನು ನಿವೇದಿಸಬೇಕು. ಆರಿದ ರೊಟ್ಟಿ ಕಾಕಾನಿಗೆ ಸೇರದು. ಆದ್ದರಿಂದ ಸೇವೆಯ ಕೊನೆಯ ವರ್ಷಗಳಲ್ಲಿ ಅವರು ಶಹಾಪುರ ನಿಲ್ದಾಣದಿಂದ ಫೋನ್ ಮಾಡಿ "ಹಿಟ್ಟು ನಾದು" ಎನ್ನುತ್ತಿದ್ದರು. ಸುರಪುರದಲ್ಲಿ ಇಳಿದೊಡನೆ "ಹಂಚ ಇಡು" ಎನ್ನುತ್ತಿದ್ದರು. ಈಗ ಆಸ್ಪತ್ರೆಗೆ ದಿನಾ ಸಂಜೆ ಕಾಕಿಯದೇ ಫೋನ್.

"ಎಲ್ಲಿಗಿ ಬಂತ್ರಿ ಬಸ್ಸು?"

"ಶಹಾಪುರದಾಗ ನಿಂತೈತಿ."

"ಐದು ದಿನಾ ಆತು, ನಾದಿದ ಹಿಟ್ಟು ಹುಳಿ ಬಂದೈತಿ! ಡ್ರೈವರ್ ಏನು ಮಲಗ್ಯಾನೇನ್ರಿ?"

ಕಾಕಾ ದಿಂಬು ಒತ್ತಿಕೊಂಡು ನಗುತ್ತಿದ್ದರು. ಫೋನ್ ಇಟ್ಟ ಬಳಿಕ ಕಿಟಕಿಯಾಚೆಯ ರಸ್ತೆಯನ್ನೇ ನೋಡುತ್ತಿದ್ದರು. ಸುರಪುರದ ಬಸ್ಸು ಹಾದುಹೋದಾಗಲೆಲ್ಲ, ಯಾರೂ ಹೇಳದಿದ್ದರೂ, ಕೊಳವೆಯನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಆರನೆಯ ಸಂಜೆ ಮೂರನೆಯ ಚೆಂಡು ನಡುಗಿತು, ಏರಿತು, ನಿಂತಿತು. ಕಾಕಾ ಉಸಿರು ಬಿಟ್ಟು ನನ್ನತ್ತ ಕೈ ಚಾಚಿದರು. ಫೋನ್ ಹಚ್ಚಿ ಕೊಟ್ಟೆ.

"ಹಂಚ ಇಡು."

ಆ ಕಡೆಯಿಂದ ಒಲೆಯ ಮೇಲೆ ಹಂಚು ಇಟ್ಟ ಸದ್ದು ಕೇಳಿಸಿತು.

ಮನೆಗೆ ಕಳುಹಿಸುವುದು ಮರುದಿನ ಬೆಳಿಗ್ಗೆಯೇ ಎಂಬ ಮಾಹಿತಿ ನನ್ನಲ್ಲಿತ್ತು. ಅದನ್ನು ಆ ಸಂಜೆ ಇಬ್ಬರಿಗೂ ತಿಳಿಸದಿದ್ದುದಕ್ಕಾಗಿ ಕ್ಷಮೆ ಕೋರುತ್ತೇನೆ.